ಎರಡನೇ ಸಲ ಟೇಬಲ್ ಮೇಲೆ ಮಲಗುವ ಮುನ್ನ

ಹೊಟ್ಟೆ, ಸೊಂಟದ ಕೊಬ್ಬನ್ನು ಹೀರಿ ತೆಗೆದು ನಿತಂಬಕ್ಕೆ ತುಂಬುವ ಶಸ್ತ್ರಚಿಕಿತ್ಸೆಗೆ ಅಮೆರಿಕದಲ್ಲಿ ಎಲ್ಲರೂ ಬಿಬಿಎಲ್ ಅನ್ನುತ್ತಾರೆ. ಬ್ರೆಜಿಲಿಯನ್ ಬಟ್ ಲಿಫ್ಟ್. ನಾನು ಇರುವುದು ಅಟ್ಲಾಂಟಾದಲ್ಲಿ, ಮಾಡಿಸಿಕೊಂಡದ್ದು ಮಯಾಮಿಯಲ್ಲಿ. ಎರಡು ಹೆರಿಗೆಯಾಗಿ, ತೂಕ ಇಳಿಸಿದ ಮೇಲೆ ಹಿಂಭಾಗ ಪೂರ್ತಿ ಚಪ್ಪಟೆಯಾಗಿತ್ತು, ಸೊಂಟದ ಸುತ್ತಿನ ಕೊಬ್ಬು ಮಾತ್ರ ಜಪ್ಪಯ್ಯ ಅಂದರೂ ಕರಗಿರಲಿಲ್ಲ. ಬಹಳ ವರ್ಷ ಮನಸ್ಸನ್ನು ಕೊರೆದ ವಿಷಯ ಅದು. ಮಾಡಿಸಿಕೊಂಡದ್ದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಸೊಂಟ ನಾನು ಬಯಸಿದ ಹಾಗೇ ಬಂತು. ನಿತಂಬದ ಮಾತು ಬೇರೆಯಾಯಿತು. ಎಡಗಡೆ ಕೆಳಗೆ, ಹೊರ ಅಂಚಿನಲ್ಲಿ ಒಂದು ಗುಳಿ. ಬಲಗಡೆ ಚರ್ಮದಡಿ ಅಡಿಕೆ ಗಾತ್ರದ ಗಟ್ಟಿ ಗಂಟು. ತುಂಬಿಸಿದ್ದರಲ್ಲಿ ಒಂದಷ್ಟು ಎಲ್ಲಿ ಹೋಯಿತೋ ಎಂಬಂತೆ ಇಳಿದಿತ್ತು. ಇನ್ನೊಂದು ಸರ್ಜರಿ ಮಾಡಿಸಿ ಸರಿಪಡಿಸಿಕೊಳ್ಳಬೇಕೇ, ಬೇಡವೇ ಎಂದು ಯೋಚಿಸುತ್ತ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಪ್ರಶ್ನೆ ಇಟ್ಟುಕೊಂಡು, ಹೇಳಿಕೊಳ್ಳಲು ಜನವಿಲ್ಲದೆ ಕೂತಿರುವ ಹೆಣ್ಣುಮಕ್ಕಳು ನಮ್ಮಲ್ಲೂ ಇದ್ದಾರೆ.

ಮೊದಲು ಕೊಬ್ಬು ಎಲ್ಲಿ ಹೋಗುತ್ತದೆ ಎಂಬುದು. ಹೀರಿ ತೆಗೆದ ಕೊಬ್ಬಿಗೆ ಹೊಸ ಜಾಗದಲ್ಲಿ ಸ್ವಂತ ರಕ್ತದ ಪೂರೈಕೆ ಇರುವುದಿಲ್ಲ. ಸುತ್ತಲಿನ ಅಂಗಾಂಶದಿಂದ ಒಸರುವ ಆಮ್ಲಜನಕವನ್ನು ಹೀರಿಕೊಂಡು ಕೆಲವು ದಿನ ತಳ್ಳಬೇಕು. ಅಷ್ಟರಲ್ಲಿ ಸಣ್ಣ ಸಣ್ಣ ರಕ್ತನಾಳಗಳು ಅದರೊಳಗೆ ಬೆಳೆದು ಬರಬೇಕು. ತೆಳ್ಳಗೆ, ಎಳೆ ಎಳೆಯಾಗಿ ಹಾಕಿದ್ದು ಹೆಚ್ಚು ಬದುಕುತ್ತದೆ. ಒಂದೇ ಕಡೆ ಮುದ್ದೆಯಾಗಿ ಬಿದ್ದದ್ದರ ನಡುಭಾಗ ಸಾಯುತ್ತದೆ. ಸತ್ತದ್ದರಲ್ಲಿ ಒಂದಷ್ಟನ್ನು ದೇಹ ಹೀರಿಕೊಳ್ಳುತ್ತದೆ, ಉಳಿದದ್ದು ಎಣ್ಣೆ ತುಂಬಿದ ಚೀಲವಾಗಿಯೋ ಗಟ್ಟಿ ಗಂಟಾಗಿಯೋ ಅಲ್ಲೇ ನಿಲ್ಲುತ್ತದೆ. ಹಾಕಿದ್ದರಲ್ಲಿ ಮೂರನೇ ಒಂದು ಭಾಗದಷ್ಟು ಹೋಗುವುದು ಮಾಮೂಲು, ಕೆಲವರಿಗೆ ಅರ್ಧದವರೆಗೂ ಹೋಗುತ್ತದೆ. ಆರಂಭದ ವಾರಗಳಲ್ಲಿ ಕನ್ನಡಿಯಲ್ಲಿ ತುಂಬಿಕೊಂಡು ಕಾಣುವುದರಲ್ಲಿ ಬಾವಿನ ಪಾಲೇ ದೊಡ್ಡದು. ಬಾವು ಇಳಿದಾಗ, "ಅಯ್ಯೋ, ಎಲ್ಲ ಕರಗಿಹೋಯಿತು" ಎಂಬ ಸಂಕಟ ಹಿಡಿಯುತ್ತದೆ. ಮರುಸರ್ಜರಿಯ ಯೋಚನೆ ಬಹಳ ಜನಕ್ಕೆ ಹುಟ್ಟುವುದು ಆ ಸಂಕಟದಲ್ಲೇ, ಮೂರು ನಾಲ್ಕನೆಯ ತಿಂಗಳಲ್ಲಿ. ಆ ಹೊತ್ತಿಗೆ ದೇಹ ಇನ್ನೂ ತನ್ನ ಕೆಲಸ ಮುಗಿಸಿರುವುದಿಲ್ಲ. ಆರು ತಿಂಗಳಿಗೆ ಮುಂಚೆ ಯಾವ ಒಳ್ಳೆಯ ಸರ್ಜನ್ನೂ ಮರುಸರ್ಜರಿಗೆ ಒಪ್ಪುವುದಿಲ್ಲ. ವರ್ಷ ತುಂಬಲಿ ಅನ್ನುವವರೇ ಹೆಚ್ಚು.

ನನಗೆ ಮಾಡಿದ ಕ್ಲಿನಿಕ್ಕಿನವರು ಹಾಗೆ ಅನ್ನಲಿಲ್ಲ. ಫೋನಿನಲ್ಲಿ ಮಾತಾಡಿದ ಕೋಆರ್ಡಿನೇಟರ್ ಹುಡುಗಿ ಬಹಳ ಪ್ರೀತಿಯಿಂದ, ಟಚ್ ಅಪ್ ಮಾಡಿಕೊಡುತ್ತೇವೆ, ಸರ್ಜನ್ ಫೀ ಬೇಡ, ಅರಿವಳಿಕೆಗೂ ಆಪರೇಷನ್ ಕೋಣೆಗೂ ಕೊಟ್ಟರೆ ಸಾಕು ಅಂದಳು. ಟಚ್ ಅಪ್ ಅಂದರೆ ಗೋಡೆಯ ಬಣ್ಣ ಹೋದ ಕಡೆ ಕುಂಚ ಆಡಿಸಿದ ಹಾಗೆ ಕೇಳಿಸುತ್ತದೆ. ಅದರಲ್ಲಿ ಇರುವುದು ಪೂರ್ತಿ ಅರಿವಳಿಕೆ, ಮತ್ತೆ ಲೈಪೊಸಕ್ಷನ್, ಮತ್ತೆ ಕೊಬ್ಬು ತುಂಬುವುದು, ಮತ್ತೆ ವಾರಗಟ್ಟಲೆ ಬೋರಲು ಮಲಗುವುದು. ಎರಡನೆಯ ಸರ್ಜರಿ ಮೊದಲನೆಯದರ ಬಾಲವಲ್ಲ. ಅದು ಹೊಸ ಸರ್ಜರಿ, ಅದೂ ಮೊದಲಿನಷ್ಟು ಮೆತ್ತಗಿಲ್ಲದ, ಒಳಗೆಲ್ಲ ಕಲೆ ಕಟ್ಟಿದ ಮೈಮೇಲೆ. ಅದನ್ನು ಹೊಸದಾಗಿಯೇ ತೂಗಿ ನೋಡಬೇಕು ಎಂದು ಒತ್ತಿ ಹೇಳುತ್ತೇನೆ. ಕೊಟ್ಟ ದುಡ್ಡು, ಪಟ್ಟ ಪಾಡು ಯಾವುದೂ ಆ ತಕ್ಕಡಿಗೆ ಬೀಳಬಾರದು.

ತಕ್ಕಡಿಯ ಒಂದು ಕಡೆ ಜೀವ ಇದೆ. 2017ರಲ್ಲಿ ಪ್ಲಾಸ್ಟಿಕ್ ಸರ್ಜನ್ನರೇ ತಮ್ಮವರ ನಡುವೆ ನಡೆಸಿದ ಸಮೀಕ್ಷೆಯೊಂದು ಈ ಸರ್ಜರಿಯಲ್ಲಿ ಸುಮಾರು 3,000ಕ್ಕೆ ಒಂದು ಸಾವು ಎಂದು ಅಂದಾಜು ಮಾಡಿತು. ಸೌಂದರ್ಯ ಚಿಕಿತ್ಸೆಗಳಲ್ಲಿ ಅಷ್ಟು ದೊಡ್ಡ ಅಪಾಯ ಬೇರೆಲ್ಲೂ ಕಂಡಿರಲಿಲ್ಲ. ಕಾರಣ ಶವಪರೀಕ್ಷೆಗಳಲ್ಲಿ ಗೊತ್ತಾಯಿತು. ನಿತಂಬದ ಸ್ನಾಯುವಿನ ಅಡಿಯಲ್ಲಿ ದಪ್ಪ ರಕ್ತನಾಳಗಳು ಹಾದುಹೋಗುತ್ತವೆ. ಕೊಬ್ಬು ತುಂಬುವ ಕೊಳವೆ ಸ್ನಾಯುವಿನೊಳಕ್ಕೆ ಇಳಿದು ಅವನ್ನು ಹರಿದರೆ ಕೊಬ್ಬು ನೇರ ಹೃದಯಕ್ಕೆ, ಅಲ್ಲಿಂದ ಶ್ವಾಸಕೋಶಕ್ಕೆ ನುಗ್ಗುತ್ತದೆ. ಟೇಬಲ್ ಮೇಲೆಯೇ ಪ್ರಾಣ ಹೋದವರಿದ್ದಾರೆ. ಚರ್ಮದ ಕೆಳಗಿನ ಪದರದಲ್ಲಿ ಮಾತ್ರ ಹಾಕಬೇಕು, ಸ್ನಾಯುವನ್ನು ಮುಟ್ಟಲೇಕೂಡದು ಎಂದು 2018ರಲ್ಲಿ ಸರ್ಜನ್ನರ ಸಂಘಗಳು ಸೇರಿ ಎಚ್ಚರಿಸಿದವು. ಬ್ರಿಟನ್ನಿನ ಸರ್ಜನ್ನರ ಸಂಘ ಅದೇ ವರ್ಷ ತನ್ನ ಸದಸ್ಯರಿಗೆ ಈ ಸರ್ಜರಿಯನ್ನೇ ಬಿಡಿ ಎಂದು ಸಲಹೆ ಕೊಟ್ಟು, 2022ರಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಮೇಲುಪದರದಲ್ಲಿ ಮಾಡಬಹುದು ಎಂದು ಸಡಿಲಿಸಿತು. ಫ್ಲಾರಿಡಾ ರಾಜ್ಯ 2019ರಲ್ಲಿ ಸ್ನಾಯುವಿಗೆ ಕೊಬ್ಬು ಹಾಕುವುದನ್ನು ನಿಷೇಧಿಸಿತು. ದಕ್ಷಿಣ ಫ್ಲಾರಿಡಾದಲ್ಲಿ 2010ರಿಂದ 2022ರ ಒಳಗೆ 25 ಹೆಣ್ಣುಮಕ್ಕಳು ಹೀಗೆ ತೀರಿಕೊಂಡದ್ದನ್ನು ಸರ್ಜನ್ನರು ದಾಖಲಿಸಿದ್ದಾರೆ. ಹೆಚ್ಚಿನವು ದಿನಕ್ಕೆ ಹಲವು ಸರ್ಜರಿ ಮಾಡುವ, ಕಡಿಮೆ ದರದ ಕ್ಲಿನಿಕ್‌ಗಳಲ್ಲಿ. 2022ರಲ್ಲಿ ಒಬ್ಬ ಸರ್ಜನ್‌ಗೆ ದಿನಕ್ಕೆ ಮೂರೇ ಎಂಬ ಮಿತಿ, ಅಲ್ಟ್ರಾಸೌಂಡ್ ಕಡ್ಡಾಯ ಎಂಬ ತುರ್ತು ನಿಯಮ ಬಂತು. 2023ರ ಕಾನೂನು, ಸರ್ಜರಿಯ ಹಿಂದಿನ ದಿನಕ್ಕಾದರೂ ಸರ್ಜನ್ ಖುದ್ದಾಗಿ ರೋಗಿಯನ್ನು ಪರೀಕ್ಷಿಸಿರಬೇಕು ಎಂದಿತು. ಇಷ್ಟೆಲ್ಲ ಎಚ್ಚರಿಕೆ ಒಬ್ಬ ಹೆಣ್ಣಿಗೆ ಎರಡನೆಯ ಸಲವೂ ಅಷ್ಟೇ ಅನ್ವಯ. ಮೊದಲ ಸಲ ಏನೂ ಆಗಲಿಲ್ಲವಲ್ಲ ಎಂಬುದು ರಕ್ತನಾಳಕ್ಕೆ ಗೊತ್ತಿರುವುದಿಲ್ಲ.

ಕ್ಲಿನಿಕ್ಕಿಗೆ ಫೋನ್ ಮಾಡುವುದನ್ನು ನಿಲ್ಲಿಸಿ ನಾನು ಆಪರೇಷನ್ ನೋಟ್ ಕೇಳಿ ಪತ್ರ ಬರೆದೆ. ಅಮೆರಿಕದಲ್ಲಿ ತನ್ನ ವೈದ್ಯಕೀಯ ದಾಖಲೆ ಕೇಳುವುದು ರೋಗಿಯ ಹಕ್ಕು, 30 ದಿನದೊಳಗೆ ಕೊಡಬೇಕು. ಎರಡು ಹಾಳೆ ಬಂತು. ಯಾವ ಭಾಗದಿಂದ ಎಷ್ಟು ತೆಗೆದರು, ಎಡಕ್ಕೆಷ್ಟು ಬಲಕ್ಕೆಷ್ಟು ಹಾಕಿದರು, ಯಾವ ಪದರದಲ್ಲಿ, ಎಷ್ಟು ದಪ್ಪದ ಕೊಳವೆ, ಎಲ್ಲೆಲ್ಲಿ ತೂತು. ಹೊಟ್ಟೆ, ಎರಡೂ ಪಕ್ಕೆ, ಬೆನ್ನಿನ ಕೆಳಭಾಗ, ಎಲ್ಲ ಕಡೆಯಿಂದಲೂ ತೆಗೆದಿದ್ದರು. ಎಡಬಲಕ್ಕೆ ಸಮನಾಗಿ ಹಾಕಿದ್ದರು. ಅಂದರೆ ಎಡಗಡೆಯ ಗುಳಿ ಕಡಿಮೆ ಹಾಕಿದ್ದರಿಂದ ಆದದ್ದಲ್ಲ. ಈ ಹಾಳೆ ಇಲ್ಲದಿದ್ದರೆ ಎರಡನೆಯ ಸರ್ಜನ್ ಕತ್ತಲಲ್ಲಿ ಕೈಯಾಡಿಸಬೇಕಿತ್ತು.

ಅಟ್ಲಾಂಟಾದಲ್ಲಿ ನಾನು ಕಂಡ ಎರಡನೆಯ ಸರ್ಜನ್ ಹೆಣ್ಣುಮಗಳು, ನಡುವಯಸ್ಸು, ಮಾತು ಕಡಿಮೆ. ಮೊದಲು ನೋಟ್ ಓದಿದರು. ಆಮೇಲೆ ನನ್ನನ್ನು ದೀಪದ ಕೆಳಗೆ ನಿಲ್ಲಿಸಿ ನೇರಳೆ ಪೆನ್ನಿನಿಂದ ಗುಳಿಯ ಸುತ್ತ ಗೆರೆ ಎಳೆದರು. "ಈಗ ಬಿಗಿ ಹಿಡಿಯಿರಿ" ಅಂದರು. ಸ್ನಾಯು ಬಿಗಿದೆ. ಗುಳಿ ಇನ್ನೂ ಆಳವಾಯಿತು. ಬೋರಲು ಮಲಗಿಸಿ ಚರ್ಮವನ್ನು ಎರಡು ಬೆರಳಲ್ಲಿ ಮೇಲಕ್ಕೆ ಎತ್ತಲು ನೋಡಿದರು. ಸುತ್ತ ಎಲ್ಲ ಕಡೆ ಎದ್ದು ಬಂತು, ಗುಳಿಯ ಜಾಗದಲ್ಲಿ ಮಾತ್ರ ಬರಲಿಲ್ಲ. ಒಳಗಿನ ಕಲೆ ಚರ್ಮವನ್ನು ಕೆಳಕ್ಕೆ ಹಿಡಿದೆಳೆದಿದೆ ಎಂದು ಕನ್ನಡಿ ಕೊಟ್ಟು ತೋರಿಸಿದರು. ಇದರ ಮೇಲೆ ಎಷ್ಟು ಕೊಬ್ಬು ತುಂಬಿದರೂ ಸುತ್ತಲಿನದು ಉಬ್ಬಿ ಗುಳಿ ಇನ್ನೂ ಎದ್ದು ಕಾಣುತ್ತದೆ ಅಂದರು. ಆಮೇಲೆ ಹೊಟ್ಟೆ, ಪಕ್ಕೆ, ತೊಡೆ ಒಂದೊಂದನ್ನೂ ಹಿಡಿಯಲ್ಲಿ ಹಿಡಿದು ನೋಡಿದರು. ತೆಗೆಯಲು ಏನಿದೆ ಎಂಬ ಲೆಕ್ಕ ಅದು. ಒಮ್ಮೆ ಲೈಪೊ ಆದ ಕಡೆ ಒಳಗೆ ನಾರಿನಂತೆ ಗಟ್ಟಿಯಾಗಿರುತ್ತದೆ, ಮತ್ತೆ ಹೀರಿದರೆ ಕೊಬ್ಬು ಕಡಿಮೆ, ರಕ್ತ ಹೆಚ್ಚು, ಮೇಲೆ ಏರುತಗ್ಗು ಬೇರೆ. ನನ್ನಲ್ಲಿ ತೊಡೆಯ ಒಳಭಾಗದಲ್ಲಿ ಮಾತ್ರ ಮುಟ್ಟದ ಕೊಬ್ಬು ಸ್ವಲ್ಪ ಇದೆ.

ಬಂದಿದ್ದು ಒಂದೇ ದೂರು ಇಟ್ಟುಕೊಂಡು: ಚೆನ್ನಾಗಿಲ್ಲ ಎಂದು. ಆ ಕೋಣೆಯಿಂದ ಹೊರಬರುವಾಗ ಅದು ಮೂರು ದೂರಾಗಿತ್ತು, ಮೂರಕ್ಕೂ ಮೂರು ಬೇರೆ ಉತ್ತರ. ಗಂಟಿಗೆ ಅಲ್ಟ್ರಾಸೌಂಡ್ ಮಾಡಿಸಿದೆವು. ಸತ್ತ ಕೊಬ್ಬಿನ ಎಣ್ಣೆ ಚೀಲ, ಒಳಗೆ ಬೇರೇನೂ ಇಲ್ಲ. ನೋವಿದ್ದರೆ, ದೊಡ್ಡದಾದರೆ ಸೂಜಿಯಲ್ಲಿ ಹೀರಿ ತೆಗೆಯಬಹುದು, ಗಟ್ಟಿಯಾಗಿದ್ದರೆ ಕೊಯ್ದು ತೆಗೆಯಬಹುದು. ನೋವೂ ಇಲ್ಲದೆ, ಬೆಳೆಯದೆ ಇದ್ದರೆ ಬಿಟ್ಟುಬಿಡಬಹುದು. ಗುಳಿಗೆ, ಸೂಜಿಯಂಥ ಸಣ್ಣ ಉಪಕರಣದಿಂದ ಚರ್ಮವನ್ನು ಎಳೆದಿರುವ ಕಲೆಯ ಎಳೆಗಳನ್ನು ಬಿಡಿಸಿ, ಮತ್ತೆ ಅಂಟಿಕೊಳ್ಳದಂತೆ ಅಲ್ಲಿ ಸ್ವಲ್ಪವೇ ಕೊಬ್ಬು ಇಡುವುದು. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟರೆ ಸಾಕು. ಗಾತ್ರ ಇಳಿದದ್ದಕ್ಕೆ ಮಾತ್ರ ಪೂರ್ತಿ ಎರಡನೆಯ ಸುತ್ತು.

ಪೂರ್ತಿ ಸುತ್ತಿಗೆ ಕೊಬ್ಬು ಸಾಲದವರಿಗೆ ತೂಕ ಏರಿಸಿಕೊಂಡು ಬನ್ನಿ ಅನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ತುಂಬಿದ ಕೊಬ್ಬು ಬದುಕಿದ ಮೇಲೆ ಮೈಯ ಉಳಿದ ಕೊಬ್ಬಿನಂತೆಯೇ ನಡೆದುಕೊಳ್ಳುತ್ತದೆ: ತೂಕ ಏರಿದರೆ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಓಜೆಂಪಿಕ್ ತೆಗೆದುಕೊಂಡು ತೂಕ ಇಳಿಸುತ್ತಿರುವ ಗೆಳತಿಯೊಬ್ಬಳಿಗೂ ಅದನ್ನೇ ಹೇಳಿದೆ, ತೂಕ ಒಂದು ಕಡೆ ನಿಲ್ಲುವ ತನಕ ಈ ಯೋಚನೆಯೇ ಬೇಡ ಎಂದು. ಕೊಬ್ಬಿನ ಬದಲು ಸಿಲಿಕೋನ್ ಇಂಪ್ಲಾಂಟ್ ಇದೆ. ಸೋಂಕು, ಹೊಲಿಗೆ ಬಿಡುವುದು, ಜಾಗ ಬಿಟ್ಟು ಜಾರುವುದು ಅದರ ಜೊತೆ ಬರುವ ತಾಪತ್ರಯ. ಸ್ಕಲ್ಪ್ಟ್ರಾ ಎಂಬ ಚುಚ್ಚುಮದ್ದು ಮುಖಕ್ಕೆಂದು ಅನುಮತಿ ಪಡೆದದ್ದು, ನಿತಂಬಕ್ಕೂ ಹಾಕುತ್ತಾರೆ, ಬಾಟಲಿ ಮೇಲೆ ಬಾಟಲಿ ಬೇಕು, ಕಾಲಕ್ರಮೇಣ ಇಳಿಯುತ್ತದೆ. ಚರ್ಮ ಜೋತಿದ್ದರೆ ಕತ್ತರಿಸಿ ಎತ್ತುವ ಸರ್ಜರಿ, ಉದ್ದ ಕಲೆ ಉಳಿಯುತ್ತದೆ. ಅತಿಯಾಗಿ ತುಂಬಿಸಿಕೊಂಡವರಿಗೆ ತೆಗೆಸುವ ದಾರಿಯೂ ಇದೆ, ಲೈಪೊ ಮಾಡಿ. ಆದರೆ ಯಾರೋ ಮನೆಯಲ್ಲೋ ಪಾರ್ಲರಿನಲ್ಲೋ ಅಗ್ಗಕ್ಕೆ ಚುಚ್ಚುವ ದ್ರವ ಸಿಲಿಕೋನಿನ ಹತ್ತಿರ ಹೋಗಬೇಡಿ. ಮೈ ಆಕಾರಕ್ಕೆಂದು ಅದನ್ನು ಚುಚ್ಚಿಸಿಕೊಳ್ಳಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಅದು ಮೈಯೊಳಗೆ ಹರಿದು ಹೋಗುತ್ತದೆ, ಪೂರ್ತಿ ತೆಗೆಯಲು ಆಗುವುದಿಲ್ಲ.

ಮನೆಯ ಮಾತೂ ತೂಕದ್ದೇ. ಸರ್ಜರಿಯಾಗಿ ಸ್ವಲ್ಪ ದಿನಕ್ಕೆ ಅತ್ತಿಗೆಯ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ನೆಲದ ಮೇಲೆ ಕೂರುವ ಹಾಗಿರಲಿಲ್ಲ, ಕುರ್ಚಿಯ ಮೇಲೂ ತೊಡೆಯಡಿ ದಿಂಬಿಟ್ಟು ಹಿಂಭಾಗ ಗಾಳಿಯಲ್ಲಿ ನಿಲ್ಲುವ ಹಾಗೆ ಕೂರಬೇಕು. ಕಥೆ ಮುಗಿಯುವ ತನಕ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದೆ. ಸೀರೆಯೊಳಗೆ ಬಿಗಿ ಉಡುಪು, ಬೆವರು, ಪಕ್ಕೆಯ ತೂತುಗಳಿಂದ ಇನ್ನೂ ಒಸರುತ್ತಿದ್ದ ನೀರು. ಯಾಕೆ ನಿಂತಿದ್ದೀಯ ಎಂದು ಕೇಳಿದವರಿಗೆಲ್ಲ ಅತ್ತಿಗೆಯೇ "ಅವಳಿಗೆ ಬೆನ್ನುನೋವು" ಎಂದು ಉತ್ತರ ಕೊಟ್ಟರು. ಗೊತ್ತಿದ್ದದ್ದು ಅವರಿಗೂ ನಮ್ಮ ಮನೆಯವರಿಗೂ ಮಾತ್ರ. ಇನ್ನೊಮ್ಮೆ ಅಂದಾಗ ನಮ್ಮ ಮನೆಯವರು ಬೇಡ ಅನ್ನಲಿಲ್ಲ; "ಮಕ್ಕಳನ್ನು ಯಾರು ಎತ್ತಿಕೊಳ್ಳುತ್ತಾರೆ, ಕಾರು ಯಾರು ಓಡಿಸುತ್ತಾರೆ, ಅದನ್ನು ಮೊದಲು ಹೇಳು" ಅಂದರು. ಆಮೇಲೆ ತಿಪಟೂರಿನಲ್ಲಿರುವ ಅಮ್ಮನಿಗೂ ವಿಡಿಯೋ ಕಾಲಿನಲ್ಲಿ ಹೇಳಿಬಿಟ್ಟೆ. ಅವಳು ತುಂಬ ಹೊತ್ತು ಸುಮ್ಮನಿದ್ದು, "ನೋವೇನಾದರೂ ಐತೇನೇ ಈಗ?" ಎಂದಳು. ಇಲ್ಲ ಅಂದೆ. "ಹಂಗಾದರೆ ಅವಸರ ಏನೈತೆ?" ಎಂದಳು. ಸರ್ಜನ್ನರು ವಿವರವಾಗಿ ಹೇಳಿದ ಮಾತೂ ಅದೇ ಆಗಿತ್ತು.

ನಮ್ಮ ಚಿಕ್ಕಪ್ಪನ ಮಗಳು ಬೆಂಗಳೂರಿನಲ್ಲಿದ್ದಾಳೆ. ಅಲ್ಲಿ ಕಡಿಮೆ ಖರ್ಚಲ್ಲಿ ಆಗುತ್ತದೆ, ಬಂದುಬಿಡಕ್ಕ ಅಂದಳು. ಬೆಂಗಳೂರಿನಲ್ಲಿ ಒಳ್ಳೆಯ ಪ್ಲಾಸ್ಟಿಕ್ ಸರ್ಜನ್ನರಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕನ್ನಡ ಕಿರುತೆರೆ ನಟಿ ಅದೇ ಊರಿನಲ್ಲಿ ತೀರಿಕೊಂಡಳು. ಆ ಹುಡುಗಿಯ ತಂದೆತಾಯಿಯ ಮುಖ ಟಿವಿಯಲ್ಲಿ ಕಂಡದ್ದು ನನಗೆ ಮರೆಯುವುದಿಲ್ಲ. ತಂಗಿಗೆ ಹೇಳಿದೆ: ಬೋರ್ಡಿನ ಮೇಲೆ ಕಾಸ್ಮೆಟಿಕ್ ಎಂದು ಬರೆದಿದ್ದರೆ ಸಾಲದು, ಡಾಕ್ಟರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಇದೆಯೇ, ಅರಿವಳಿಕೆ ತಜ್ಞರು ಯಾರು, ಏನಾದರೂ ಆದರೆ ಐಸಿಯು ಅದೇ ಕಟ್ಟಡದಲ್ಲಿದೆಯೇ, ಕೊಳವೆ ಎಲ್ಲಿದೆ ಎಂದು ತೋರಿಸುವ ಅಲ್ಟ್ರಾಸೌಂಡ್ ಟೇಬಲ್ ಪಕ್ಕ ಇರುತ್ತದೆಯೇ ಎಂದು ಕೇಳು. ನನ್ನ ವಿಷಯದಲ್ಲಿ ಇನ್ನೊಂದು ತೊಡಕು ಇತ್ತು. ಸರ್ಜರಿಯಾದ ಮೇಲೆ ಅಷ್ಟು ಉದ್ದದ ವಿಮಾನ ಪ್ರಯಾಣವೆಂದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ವಾಪಸು ಬಂದ ಮೇಲೆ ಕೀವಾದರೆ ನೋಡುವ ಡಾಕ್ಟರು ಬೇರೆ ಖಂಡದಲ್ಲಿ. ಹೋಗಲಿಲ್ಲ.

ಗಾತ್ರಕ್ಕಾಗಿ ಎರಡನೆಯ ಸುತ್ತು ಬೇಡವೆಂದು ತೀರ್ಮಾನಿಸಿದ್ದೇನೆ. ಇಳಿದು ಉಳಿದದ್ದು ಮೊದಲಿಗಿಂತ ಎಷ್ಟೋ ಹೆಚ್ಚೇ ಇದೆ. ಹಳೆಯ ಫೋಟೊ ಪಕ್ಕದಲ್ಲಿಟ್ಟು ನೋಡಿದಾಗ ಅದು ಸ್ಪಷ್ಟವಾಯಿತು. ಗಂಟನ್ನು ಮುಟ್ಟುವುದಿಲ್ಲ, ಸ್ಕ್ಯಾನ್ ಮಾತ್ರ ಇನ್ನೊಮ್ಮೆ ಆಗಬೇಕು. ಗುಳಿಯನ್ನು ಬಿಡಿಸಿಕೊಳ್ಳುತ್ತೇನೆ, ಅದು ನನ್ನನ್ನು ದಿನವೂ ಕಾಡುತ್ತದೆ, ಬಟ್ಟೆಯ ಮೇಲೂ ಕಾಣುತ್ತದೆ. ವರ್ಷ ತುಂಬಿದ ಮೇಲೆ, ಆಸ್ಪತ್ರೆಯಲ್ಲಿ, ಎಚ್ಚರವಾಗಿದ್ದುಕೊಂಡೇ. ಪೂರ್ತಿ ಸಮ ಆಗುತ್ತದೆಂದು ಡಾಕ್ಟರು ಮಾತು ಕೊಟ್ಟಿಲ್ಲ, ಒಂದಷ್ಟು ಮತ್ತೆ ಅಂಟಿಕೊಳ್ಳಬಹುದು ಎಂದೂ ಹೇಳಿದ್ದಾರೆ. ಮಕ್ಕಳಿಗೆ ಶಾಲೆಯ ರಜೆ ಇರುವ ವಾರವನ್ನೇ ಹಿಡಿದಿದ್ದೇವೆ. ಆ ವಾರ ಅತ್ತಿಗೆ ಬಂದು ಇರುತ್ತಾರೆ, ಕಾರು ಓಡಿಸುವುದು ಅವರ ಪಾಲಿಗೆ.