ಚಿತ್ತವಿಕಲತೆ: ರೋಗವೂ ಮನೆಯವರೂ

ನಾಗಪುರದ ವೈಶಾಖದಲ್ಲಿ ಯಾರಾದರೂ ಅಸಂಬದ್ಧವಾಗಿ ಮಾತನಾಡಿದರೆ ಬಿಸಿಲು ತಲೆಗೇರಿತೆನ್ನುವುದು ವಾಡಿಕೆ. ಬಿಸಿಲಿನ ಆಘಾತದಿಂದ ಬುದ್ಧಿ ಕದಡುವುದು ನಿಜವೇ. ಆದರೆ ಆಗ ಮೈ ಕೆಂಡದಂತೆ ಸುಡುತ್ತದೆ, ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಮೈ ತಣ್ಣಗಿದ್ದೂ ಮಾತು ಹಳಿ ತಪ್ಪಿದ್ದರೆ, ವಾರಗಳು ಕಳೆದರೂ ಸರಿಹೋಗದಿದ್ದರೆ, ಕಾರಣವನ್ನು ಬೇರೆಡೆ ಹುಡುಕಬೇಕು. ಬಿಸಿಲಿಳಿದರೆ ಸರಿಹೋದೀತೆಂದು ಕಿತ್ತಳೆಯ ಸುಗ್ಗಿಯವರೆಗೂ ಕಾಯುವ ಕುಟುಂಬಗಳುಂಟು. ಸ್ಕಿಜೋಫ್ರೀನಿಯಾ ಅಥವಾ ಚಿತ್ತವಿಕಲತೆ ಎಂಬ ಕಾಯಿಲೆಯಲ್ಲಿ ಈ ಕಾಯುವಿಕೆಯಿಂದಾಗುವ ಹಾನಿ ದೊಡ್ಡದು.

ಸ್ಕಿಜೋಫ್ರೀನಿಯಾ ಎಂಬ ಹೆಸರನ್ನು 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ ಬಳಕೆಗೆ ತಂದರು. ಗ್ರೀಕ್ ಮೂಲದ ಈ ಪದಕ್ಕೆ ಒಡೆದ ಮನಸ್ಸು ಎಂದರ್ಥ. ಇದರಿಂದಾಗಿ ಒಬ್ಬನೊಳಗೆ ಇಬ್ಬರು ವಾಸಿಸುತ್ತಾರೆಂಬ ಕಲ್ಪನೆ ಹುಟ್ಟಿ, ಚಲನಚಿತ್ರಗಳ ಕೃಪೆಯಿಂದ ಎಲ್ಲೆಡೆ ಹಬ್ಬಿತು. ವಾಸ್ತವದಲ್ಲಿ ಒಡೆಯುವುದು ಆಲೋಚನೆ, ಭಾವನೆ ಮತ್ತು ವರ್ತನೆಗಳ ನಡುವಣ ಹೊಂದಾಣಿಕೆ. ಗಂಡಸರಲ್ಲಿ ಸಾಮಾನ್ಯವಾಗಿ ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲಿ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ ರೋಗ ತಲೆದೋರುತ್ತದೆ; ಎಂದರೆ, ಓದು ಮುಗಿದು ಬದುಕು ಆರಂಭವಾಗುವ ಹೊತ್ತಿಗೆ ಸರಿಯಾಗಿ.

ಲಕ್ಷಣಗಳಲ್ಲಿ ಕೆಲವು ಎದ್ದು ಕಾಣುವಂಥವು. ಯಾರೂ ಇಲ್ಲದಿರುವಾಗ ಧ್ವನಿಗಳು ಕೇಳಿಸುತ್ತವೆ. ಅವು ಬೈಯುತ್ತವೆ, ಆಜ್ಞಾಪಿಸುತ್ತವೆ, ತನ್ನ ಪ್ರತಿಯೊಂದು ಚಲನೆಯನ್ನೂ ಟೀಕಿಸುತ್ತವೆ. ರೋಗಿಗೆ ಇವು ನಮ್ಮ ನಿಮ್ಮ ಮಾತಿನಷ್ಟೇ ಸ್ಪಷ್ಟ. ನೆರೆಹೊರೆಯವರು ತನ್ನ ವಿರುದ್ಧ ಸಂಚು ಹೂಡಿದ್ದಾರೆ, ಅನ್ನದಲ್ಲಿ ವಿಷವಿದೆ ಎಂಬ ಅಚಲ ನಂಬಿಕೆಗಳು ಬೇರೂರುತ್ತವೆ. ಈ ನಂಬಿಕೆಗಳು ಕಾಲದ ಬಣ್ಣ ತಳೆಯುವುದು ಕುತೂಹಲದ ವಿಷಯ: ಹಿಂದೆ ಮಾಟಗಾರನನ್ನು ದೂರುತ್ತಿದ್ದವರು ಇಂದು ಮೊಬೈಲನ್ನೂ ಗುಪ್ತ ಕ್ಯಾಮರಾವನ್ನೂ ದೂರುತ್ತಾರೆ. ವಾದಮಾಡಿ ಇವನ್ನು ಅಳಿಸಲಾಗದು. ಹಾಗೆಂದು ಹೌದೆನ್ನಲೂ ಬೇಕಿಲ್ಲ. "ನಿನಗೆ ಭಯವಾಗಿದೆ ಎಂಬುದು ತಿಳಿಯುತ್ತದೆ" ಎಂದರೆ ಸಾಕು.

ಇನ್ನು ಕೆಲವು ಲಕ್ಷಣಗಳು ಸದ್ದಿಲ್ಲದವು, ಮತ್ತು ಹೆಚ್ಚಿನ ಅನ್ಯಾಯ ನಡೆಯುವುದು ಇಲ್ಲಿಯೇ. ಅಜನಿಯ ರೈಲ್ವೆ ವಸತಿಗೃಹದಲ್ಲೋ ಧರಮ್‌ಪೇಠದ ಬಾಡಿಗೆ ಮನೆಯಲ್ಲೋ ಇರುವ ಒಂದು ಕನ್ನಡ ಸಂಸಾರವನ್ನು ಊಹಿಸಿಕೊಳ್ಳಬಹುದು. ಜಾಣನಾಗಿದ್ದ ಮಗ ಕಾಲೇಜಿಗೆ ಹೋಗುವುದನ್ನು ಬಿಡುತ್ತಾನೆ, ಗೆಳೆಯರನ್ನು ದೂರಮಾಡುತ್ತಾನೆ, ಹಗಲಿಡೀ ಮಲಗಿ ರಾತ್ರಿಯೆಲ್ಲ ಕೋಣೆಯಲ್ಲಿ ಅಡ್ಡಾಡುತ್ತಾನೆ, ಸ್ನಾನ ಬೇಡ, ಹಬ್ಬ ಬೇಡ, ಊರಿನಿಂದ ಬಂದ ಅಜ್ಜಿಯನ್ನು ಕಂಡರೂ ಮುಖದಲ್ಲಿ ನಗೆಯಿಲ್ಲ. ತಂದೆ ಇದನ್ನು ಸೋಮಾರಿತನವೆನ್ನುತ್ತಾರೆ, ನೆಂಟರು ಸೊಕ್ಕೆನ್ನುತ್ತಾರೆ. ಎಷ್ಟೋ ಸಲ ಧ್ವನಿಗಳು ಕೇಳಿಬರುವ ಮುನ್ನ ತಿಂಗಳುಗಟ್ಟಲೆ ನಡೆಯುವುದು ಇದೇ. ಹದಿಹರೆಯದ ಬೇಸರದಲ್ಲಿಯೂ ಇವುಗಳಲ್ಲಿ ಕೆಲವು ಕಾಣಬಹುದಾದ್ದರಿಂದ ಗಾಬರಿಪಡಬೇಕಿಲ್ಲ. ಆದರೆ ಮೊದಲಿದ್ದ ಮನುಷ್ಯನೇ ಬದಲಾದಂತೆ ತೋರಿದರೆ ವೈದ್ಯರ ಬಳಿ ಹೋಗಲು ಅಷ್ಟು ಕಾರಣ ಸಾಕು.

ಈ ರೋಗವನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಎಕ್ಸ್-ರೇ ಇಲ್ಲ. ಥೈರಾಯ್ಡ್ ದೋಷ, ಮೂರ್ಛೆರೋಗ, ಮಾದಕ ದ್ರವ್ಯ ಮುಂತಾದ ಬೇರೆ ಕಾರಣಗಳನ್ನು ತಳ್ಳಿಹಾಕುವುದಕ್ಕಷ್ಟೇ ವೈದ್ಯರು ಪರೀಕ್ಷೆಗಳನ್ನು ಮಾಡಿಸುತ್ತಾರೆ. ರೋಗಿಗೋ, ಅನೇಕ ವೇಳೆ, ತಾನು ಅಸ್ವಸ್ಥನೆಂಬ ಅರಿವೇ ಇರುವುದಿಲ್ಲ. ಇದು ಹಟವಲ್ಲ, ರೋಗದ್ದೇ ಒಂದು ಭಾಗ. ಆದಕಾರಣ ನಿದ್ರೆ ಎಂದು ಕೆಟ್ಟಿತು, ಮೊದಲು ಯಾರನ್ನು ಶಂಕಿಸಿದ, ಊಟ ಎಂದಿನಿಂದ ಬಿಟ್ಟ ಎಂಬ ವಿವರಗಳನ್ನು ಮನೆಯವರೇ ಹೇಳಬೇಕು. ಇವನ್ನೆಲ್ಲ ಕಣ್ಣಾರೆ ಕಂಡ ತಾಯಿಗೆ ಮರಾಠಿಯಾಗಲಿ ಹಿಂದಿಯಾಗಲಿ ಚೆನ್ನಾಗಿ ಬಾರದಿದ್ದರೆ, ಕಂಡದ್ದನ್ನು ದಿನಾಂಕ ಸಹಿತ ಕನ್ನಡದಲ್ಲೇ ಬರೆದಿಟ್ಟು, ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು. ಆಕೆಯನ್ನು ಹೊರಗೆ ಕೂರಿಸಿ ತಂದೆ ಮಾತ್ರ ಒಳಹೋಗುವುದರಿಂದ ಅರ್ಧ ವೃತ್ತಾಂತ ಹೊರಗೇ ಉಳಿಯುತ್ತದೆ.

ಕಾರಣ ಒಂದೇ ಅಲ್ಲ. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕದ ಕಾರ್ಯದಲ್ಲಿ ಏರುಪೇರಾಗುತ್ತದೆ. ವಂಶವಾಹಿಗಳ ಪಾತ್ರ ಗಣನೀಯ. ಆದರೂ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಂಭವ ಸುಮಾರು ಅರ್ಧದಷ್ಟೇ ಆದ್ದರಿಂದ, ಎಲ್ಲವೂ ಹಣೆಬರಹವೆನ್ನುವಂತಿಲ್ಲ. ಹೆರಿಗೆಯ ಕಾಲದ ತೊಡಕುಗಳು, ಎಳೆಯ ವಯಸ್ಸಿನ ಗಾಂಜಾ ಸೇವನೆ ಸಂಭವವನ್ನು ಹೆಚ್ಚಿಸುತ್ತವೆ. ತಾಯಿ ಬೆಳೆಸಿದ ರೀತಿಯೇ ಕಾರಣವೆಂಬ ವಾದವೊಂದು ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಪಶ್ಚಿಮದಲ್ಲಿ ಪ್ರಚಲಿತವಾಗಿತ್ತು. ವಿಜ್ಞಾನ ಅದನ್ನು ಕೈಬಿಟ್ಟಿದೆ. ನೆಂಟರು ಇನ್ನೂ ಬಿಟ್ಟಿಲ್ಲ.

ನಾಗಪುರದ ಪ್ರಾದೇಶಿಕ ಮನೋರುಗ್ಣಾಲಯ ಸ್ಥಾಪಿತವಾದುದು 1864ರಲ್ಲಿ. ಔಷಧವೇ ಇಲ್ಲದ ಆ ಕಾಲದಲ್ಲಿ ಇಂತಹ ಸಂಸ್ಥೆಗಳಿಂದ ಆಗುತ್ತಿದ್ದುದು ಬಹುತೇಕ ಕಾವಲು. 1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್‌ನ ಗುಣ ತಿಳಿದುಬಂದ ಮೇಲೆ ಚಿತ್ರ ಬದಲಾಯಿತು. ಇಂದು ಹೆಚ್ಚಿನವರು ಮನೆಯಲ್ಲಿದ್ದೇ ಚಿಕಿತ್ಸೆ ಪಡೆಯಬಲ್ಲರು. ಇದಕ್ಕೆ ಕನ್ನಡ ನಾಡಿನದೇ ನಿದರ್ಶನವಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಹಳ್ಳಿಗಳಲ್ಲಿನ ಚಿತ್ತವಿಕಲರನ್ನು ಗುರುತಿಸಿ, ಅವರ ಸ್ಥಿತಿಗತಿಯನ್ನು ವರ್ಷಗಳ ಕಾಲ ಗಮನಿಸಿದರು. ಔಷಧ ಪಡೆದವರ ಅಸಾಮರ್ಥ್ಯ ತಗ್ಗಿತು; ಪಡೆಯದವರದು ಹಾಗೆಯೇ ಉಳಿಯಿತು. ಬಹುಕಾಲ ಚಿಕಿತ್ಸೆಯಿಲ್ಲದೆ ಇದ್ದು ಅನಂತರ ಆರಂಭಿಸಿದವರಲ್ಲಿಯೂ ಸುಧಾರಣೆ ಕಂಡುಬಂತು.

ಗುಳಿಗೆಗಳಿಂದ ಕೈನಡುಕ, ತೂಕಡಿಕೆ, ಮೈ ಬರುವುದು ಉಂಟು. ವೈದ್ಯರಿಗೆ ಹೇಳಿದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುತ್ತಾರೆ. ದಿನನಿತ್ಯ ನುಂಗಲೊಪ್ಪದವರಿಗೆ ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದೂ ಇದೆ. ಹೇಳದೆ ನಿಲ್ಲಿಸುವುದೇ ಮರುಕಳಿಕೆಗೆ ಅತಿ ಸಾಮಾನ್ಯ ಕಾರಣ. ಮೊದಲ ಸಲದ ಕಾಯಿಲೆ ಇಳಿದ ಮೇಲೂ ಒಂದೆರಡು ವರ್ಷವಾದರೂ ಔಷಧ ಮುಂದುವರಿಯಬೇಕು. ದೇವರಿಗೆ ಹರಕೆ ಹೊತ್ತುಕೊಳ್ಳುವುದಕ್ಕೆ ಇದು ಅಡ್ಡಿಯಲ್ಲ, ಹರಕೆಗಾಗಿ ಗುಳಿಗೆ ಬಿಡದಿದ್ದರಾಯಿತು. ಮದುವೆಯೊಂದಾದರೆ ಸರಿಹೋಗುತ್ತಾನೆಂಬುದಂತೂ ವೈದ್ಯಕೀಯವಲ್ಲ. ರೋಗವನ್ನು ಮುಚ್ಚಿಟ್ಟು ತಂದ ಸೊಸೆ ಗುಳಿಗೆಯ ಡಬ್ಬಿಯನ್ನು ಕಂಡ ದಿನ ಎರಡು ಸಂಸಾರಗಳು ಒಡೆಯುತ್ತವೆ.

ಈ ರೋಗಿಗಳಲ್ಲಿ ನೂರಕ್ಕೆ ಸುಮಾರು ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ. ಸಾವಿನ ಮಾತೆತ್ತಿದರೆ, ಅಥವಾ ಧ್ವನಿಗಳು ಹಾಗೆ ಆಜ್ಞಾಪಿಸುತ್ತಿವೆ ಎಂದರೆ, ಒಬ್ಬರನ್ನೇ ಬಿಡದೆ ಅಂದೇ ವೈದ್ಯರ ಬಳಿ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆಗೆ ಹಣ ತಗಲುವುದಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು. ಚೇತರಿಸಿಕೊಂಡವರಲ್ಲಿ ಮರುಕಳಿಕೆಯ ಮೊದಲ ಸೂಚನೆ ಅನೇಕ ವೇಳೆ ನಿದ್ರೆ ಕೆಡುವುದು. ಎರಡು ಮೂರು ರಾತ್ರಿ ಕೋಣೆಯ ದೀಪ ಆರದೇ ಇದ್ದರೆ, ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಆ ಬರೆದಿಟ್ಟ ಪುಸ್ತಕದೊಡನೆ ವೈದ್ಯರನ್ನು ಕಾಣತಕ್ಕದ್ದು.