ಹಿಮ ಕಡಿಮೆ, ಜನ ಹೆಚ್ಚು: ರಜೆಯಲ್ಲಿ ಟಾಹೋಗೆ ಹೊರಟವರ ಪ್ರಶ್ನೆಗಳು

ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ನಡುವಿನ ವಾರ ಬಂತೆಂದರೆ ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರುವ ಎಷ್ಟೋ ಕನ್ನಡ ಕುಟುಂಬಗಳು ಸಿಯೆರಾ ನೆವಾಡಾ ಬೆಟ್ಟಗಳ ಕಡೆ ಕಾರು ತಿರುಗಿಸುತ್ತವೆ. ಬೆಟ್ಟದಲ್ಲಿ ಹಿಮ ಬೀಳದಿದ್ದರೂ ಶಾಲೆಯ ರಜೆ ಮುಂದಕ್ಕೆ ಹೋಗುವುದಿಲ್ಲ. ಅಂಥ ವರ್ಷಗಳಲ್ಲಿ ಏನು ಮಾಡಬೇಕೆಂದು ಕೇಳಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ನಮ್ಮದು ಎರಡು ಕುಟುಂಬ, ನಾಲ್ಕು ಮಕ್ಕಳು. ಡಿಸೆಂಬರ್ 26ರಿಂದ 30ರವರೆಗೆ ಟ್ರಕಿ ಊರಿನಲ್ಲಿ ಮನೆ ಬುಕ್ ಮಾಡಿದ್ದೇವೆ, ಹಣ ವಾಪಸ್ ಬರುವುದಿಲ್ಲ. ಈಗ ನೋಡಿದರೆ ಹಿಮವೇ ಇಲ್ಲ ಅನ್ನುತ್ತಿದ್ದಾರೆ. ಹೋಗಬೇಕೋ ಬಿಡಬೇಕೋ? ಹೋದರೆ ಯಾವ ರೆಸಾರ್ಟ್? ಮಕ್ಕಳಲ್ಲಿ ಇಬ್ಬರು ಇದುವರೆಗೆ ಸ್ಕೀ ಕಾಲಿಗೆ ಕಟ್ಟಿದವರಲ್ಲ. (ಸನಿವೇಲ್)

ಹೋಗಿ. ಆದರೆ ರೆಸಾರ್ಟನ್ನು ಹೆಸರು ನೋಡಿ ಆರಿಸಬೇಡಿ. ಹಿಮ ಕಡಿಮೆ ಇರುವ ವರ್ಷ ಕೇಳಬೇಕಾದ್ದು ಎರಡೇ: ಎಷ್ಟು ಎತ್ತರದಲ್ಲಿದೆ, ಹಿಮ ತಯಾರಿಸುವ ವ್ಯವಸ್ಥೆ ಎಷ್ಟು ಚೆನ್ನಾಗಿದೆ.

ಎತ್ತರದ ಲೆಕ್ಕ ಸರಳ. ಸಾವಿರ ಅಡಿ ಮೇಲೇರಿದರೆ ಉಷ್ಣತೆ ಸುಮಾರು ಎರಡು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಟಾಹೋ ಸರೋವರವೇ ಸುಮಾರು 6,225 ಅಡಿ ಎತ್ತರದಲ್ಲಿದೆ. ಪ್ಯಾಲಿಸೇಡ್ಸ್ ಟಾಹೋದ ಬುಡ ಅದೇ ಮಟ್ಟದಲ್ಲಿದ್ದು, ತುದಿ 9,000 ಅಡಿ ದಾಟುತ್ತದೆ. ಬೆಚ್ಚಗಿನ ಮೋಡ ಬಂದರೆ ಅಲ್ಲಿ ಕೆಳಗೆ ಮಳೆ, ಮೇಲೆ ಹಿಮ. ಮೌಂಟ್ ರೋಸ್‌ನ ಬುಡವೇ 8,000 ಅಡಿಯ ಮೇಲಿದೆ. ಟ್ರಕಿಯಿಂದ ಒಂದು ಗಂಟೆಯೊಳಗಿನ ದಾರಿ. ದಕ್ಷಿಣದಲ್ಲಿ ಕರ್ಕ್‌ವುಡ್ 7,800 ಅಡಿಯಿಂದ ಶುರುವಾಗುತ್ತದೆ. ಆದರೆ ನೀವಿರುವ ಟ್ರಕಿಯಿಂದ ಅದು ದೂರವಾಯಿತು, ಈ ಸಲಕ್ಕೆ ಬಿಡಿ.

ಇನ್ನು ತಯಾರಿಸಿದ ಹಿಮ. ನೀರನ್ನು ಒತ್ತಡದ ಗಾಳಿಯೊಂದಿಗೆ ಸಣ್ಣ ಹನಿಗಳಾಗಿ ಎರಚುತ್ತಾರೆ, ನೆಲ ಮುಟ್ಟುವಷ್ಟರಲ್ಲಿ ಹನಿ ಹೆಪ್ಪುಗಟ್ಟಬೇಕು. ಇದಕ್ಕೆ ಚಳಿ ಮಾತ್ರ ಸಾಲದು, ಗಾಳಿ ಒಣಗಿರಬೇಕು. ಒಣ ಗಾಳಿಯಲ್ಲಿ ಹನಿಯ ಸ್ವಲ್ಪ ಭಾಗ ಆವಿಯಾಗಿ ಉಳಿದದ್ದನ್ನು ಇನ್ನಷ್ಟು ತಂಪು ಮಾಡುತ್ತದೆ. ಹಾಗಾಗಿ ಥರ್ಮಾಮೀಟರ್ ಸೊನ್ನೆಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ ಕೆಲಸ ನಡೆಯುತ್ತದೆ. ಗಾಳಿ ತೇವವಾಗಿದ್ದರೆ ಸೊನ್ನೆಯಲ್ಲೂ ನಡೆಯುವುದಿಲ್ಲ. ಮೋಡವಿಲ್ಲದೆ ಸ್ತಬ್ಧವಾದ ಚಳಿ ರಾತ್ರಿಗಳು ಸತತವಾಗಿ ಸಿಕ್ಕಿವೆಯೇ ಎಂದು ಹವಾಮಾನ ವರದಿಯಲ್ಲಿ ನೋಡಿ. ಸಿಕ್ಕಿದ್ದರೆ, ಆಕಾಶದಿಂದ ಏನೂ ಬೀಳದಿದ್ದರೂ, ನಾರ್ತ್‌ಸ್ಟಾರ್‌ನಂಥ ಕಡೆ ಕೆಲವು ಇಳಿಜಾರುಗಳು ಚೆನ್ನಾಗಿಯೇ ತೆರೆದಿರುತ್ತವೆ.

ರೆಸಾರ್ಟಿನ ಹಿಮ ವರದಿ ಓದುವಾಗ 'ಇಷ್ಟು ಇಂಚು ದಪ್ಪ' ಎಂಬ ಅಂಕಿಗೆ ಬೆಲೆ ಕೊಡಬೇಡಿ, ಅದು ಬೆಟ್ಟದ ಯಾವುದೋ ಒಳ್ಳೆಯ ಮೂಲೆಯ ಅಳತೆ ಆಗಿರಬಹುದು. ಒಟ್ಟು ಇಳಿಜಾರುಗಳಲ್ಲಿ ಎಷ್ಟು ತೆರೆದಿವೆ, ಅದರಲ್ಲಿ ಕಲಿಯುವವರದ್ದು ಎಷ್ಟು, ಎಷ್ಟು ಲಿಫ್ಟ್ ಓಡುತ್ತಿವೆ, ಈ ಮೂರನ್ನು ನೋಡಿ. ಹೊಸಬರಾದ ನಿಮ್ಮ ಇಬ್ಬರು ಮಕ್ಕಳಿಗೆ ಬೇಕಾದ್ದು ಒಂದು ಮೃದುವಾದ ಇಳಿಜಾರು, ನಿಂತರೆ ಮೇಲಕ್ಕೊಯ್ಯುವ ಒಂದು ಮ್ಯಾಜಿಕ್ ಕಾರ್ಪೆಟ್. ಅಷ್ಟಕ್ಕೆ ಬೇಕಾದ ಹಿಮವನ್ನು ಎಲ್ಲರೂ ಮೊದಲು ತಯಾರಿಸಿಡುತ್ತಾರೆ. ಕಡಿಮೆ ಹಿಮದ ವರ್ಷ ನಿಜವಾಗಿ ನಿರಾಶೆಯಾಗುವುದು ಚೆನ್ನಾಗಿ ಆಡುವ ದೊಡ್ಡವರಿಗೆ. ಅವರ ಆಸೆಗಾಗಿ ಮಕ್ಕಳನ್ನು ಕಷ್ಟದ ಬೆಟ್ಟಕ್ಕೆ ಕರೆದೊಯ್ಯಬೇಡಿ. ಕಾರಿನಲ್ಲಿರುವವರಲ್ಲಿ ಎಲ್ಲರಿಗಿಂತ ಹೊಸಬರು ಯಾರೋ ಅವರಿಗೆ ತಕ್ಕ ಜಾಗ ಆರಿಸಿ, ಪಾಠದ ತರಗತಿಯನ್ನು ಇಂದೇ ಕಾದಿರಿಸಿ. ರಜೆಯಲ್ಲಿ ಲಿಫ್ಟ್ ಟಿಕೆಟ್‌ಗಿಂತ ಮೊದಲು ಖಾಲಿಯಾಗುವುದು ತರಗತಿಯ ಜಾಗ.

ತೆರೆದ ಇಳಿಜಾರು ಕಡಿಮೆ, ಬಂದ ಜನ ಅಷ್ಟೇ. ಇಡೀ ಬೆಟ್ಟದಲ್ಲಿ ಹಂಚಿಹೋಗಬೇಕಾದವರು ಐದಾರು ದಾರಿಗಳಲ್ಲಿ ಇಳಿಯುತ್ತಿರುತ್ತಾರೆ. ಹಿಮವಿಲ್ಲದಿರುವುದಕ್ಕಿಂತ ಇದು ಹೆಚ್ಚು ಅಪಾಯ. ಹಿಂದಿನಿಂದ ವೇಗವಾಗಿ ಬಂದವರು ಗುದ್ದಿ ಮೂಳೆ ಮುರಿಯುವುದು ಇಂಥ ದಿನಗಳಲ್ಲೇ. ಹೆಲ್ಮೆಟ್ ಇಲ್ಲದೆ ಯಾರನ್ನೂ ಬಿಡಬೇಡಿ, ಇಳಿಜಾರಿನ ನಡುವೆ ನಿಂತು ಫೋಟೊ ತೆಗೆಯಬೇಡಿ, ಹಗ್ಗ ಕಟ್ಟಿ ಮುಚ್ಚಿದ ಕಡೆ ದಾಟಬೇಡಿ; ತೆಳು ಹಿಮದ ಅಡಿಯಲ್ಲಿ ಬಂಡೆ, ಮರದ ಬುಡ ಇರುತ್ತವೆ. ಬೆಳಗ್ಗೆ ಲಿಫ್ಟ್ ಶುರುವಾದಾಗಲೇ ಇಳಿಜಾರಿನಲ್ಲಿರಿ, ಹನ್ನೊಂದರ ಹೊತ್ತಿಗೆ ಸಾಲು ಉದ್ದವಾದಾಗ ಹೊರಟುಬಿಡಿ. ತಯಾರಿಸಿದ ಹಿಮ ಬೆಳಗ್ಗೆ ಗಟ್ಟಿಯಾಗಿ ಜಾರುತ್ತದೆ, ಹೊಸಬರನ್ನು ಮಾತ್ರ ಸ್ವಲ್ಪ ಬಿಸಿಲೇರಿದ ಮೇಲೆ ಇಳಿಸಿ. ಸಂಜೆಗೆ ಇನ್ನೂ ಮನಸ್ಸಿದ್ದರೆ ಟ್ರಕಿಗೆ ಹತ್ತಿರದ ಬೋರಿಯಲ್‌ನಲ್ಲಿ ದೀಪದ ಬೆಳಕಿನ ಸ್ಕೀ ಇದೆ, ಅಂದು ನಡೆಯುತ್ತಿದೆಯೇ ಎಂದು ಕೇಳಿಕೊಂಡು ಹೋಗಿ.

ನಾಲ್ಕು ದಿನದಲ್ಲಿ ಎರಡು ದಿನ ಮಾತ್ರ ಸ್ಕೀ ಇಟ್ಟುಕೊಳ್ಳಿ. ಮಿಕ್ಕ ಎರಡು ದಿನ ಸರೋವರದ ದಂಡೆಯಲ್ಲಿ ನಡೆಯಿರಿ. ಹಿಮವಿಲ್ಲದ ಡಿಸೆಂಬರಿನಲ್ಲಿ ಆ ನೀರಿನ ನೀಲಿಯನ್ನು ಬಿಸಿಲಿನಲ್ಲಿ ನಿಂತು ನೋಡುವುದು ಭಾಗ್ಯವೇ.

ನಮ್ಮದು ಆಲ್ ವೀಲ್ ಡ್ರೈವ್ ಕಾರು. ಹಿಮವೇ ಇಲ್ಲದ ವರ್ಷ ಚೈನ್ ಕೊಳ್ಳುವುದು ದುಡ್ಡು ದಂಡ ಅಲ್ಲವೇ? ಯಾವ ಹೊತ್ತಿಗೆ ಹೊರಟರೆ ಟ್ರಾಫಿಕ್ ತಪ್ಪುತ್ತದೆ? (ಫ್ರೀಮಾಂಟ್)

ದಂಡವಲ್ಲ, ದಯವಿಟ್ಟು ಕೊಳ್ಳಿ. 2021ರ ಡಿಸೆಂಬರ್ ನೆನಪಿಸಿಕೊಳ್ಳಿ. ಡಾನರ್ ಶಿಖರದ ಬಳಿ ಬರ್ಕ್ಲಿ ವಿಶ್ವವಿದ್ಯಾಲಯದ ಹಿಮ ಪ್ರಯೋಗಾಲಯವಿದೆ, 1946ರಿಂದ ಅಳೆಯುತ್ತಾ ಬಂದಿದೆ. ಆ ಒಂದೇ ತಿಂಗಳಲ್ಲಿ ಅಲ್ಲಿ 214 ಇಂಚು ಹಿಮ ಬಿತ್ತು. ಅದುವರೆಗಿನ ಡಿಸೆಂಬರ್ ದಾಖಲೆ ಮುರಿಯಿತು. ಕ್ರಿಸ್‌ಮಸ್ ವಾರದಲ್ಲಿ ಬೆಟ್ಟದ ಹೆದ್ದಾರಿಗಳು ಮುಚ್ಚಿ, ಹೋದವರು ಅಲ್ಲೇ ಉಳಿದರು. ಸಿಯೆರಾದಲ್ಲಿ ವಾರಗಟ್ಟಲೆ ಒಣ ಬಿಸಿಲು ಇದ್ದು, ಸಾಗರದಿಂದ ಬಂದ ಒಂದೇ ಬಿರುಗಾಳಿ ಎರಡು ದಿನದಲ್ಲಿ ಎಲ್ಲವನ್ನೂ ಹೂತುಹಾಕಬಲ್ಲದು.

ಕಾನೂನೂ ಅದನ್ನೇ ಹೇಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಚೈನ್ ನಿಯಂತ್ರಣಕ್ಕೆ ಮೂರು ಹಂತ. ಆರ್-1, ಆರ್-2 ಹಂತಗಳಲ್ಲಿ ಹಿಮಕ್ಕೆ ಒಪ್ಪುವ ಟೈರಿರುವ ನಿಮ್ಮಂಥ ಕಾರಿಗೆ ಚೈನ್ ಹಾಕದೆ ಹೋಗಲು ಬಿಡುತ್ತಾರೆ, ಆದರೆ ಚೈನ್ ಕಾರಿನೊಳಗೆ ಇರಲೇಬೇಕು. ಆರ್-3 ಬಂದರೆ ಯಾರಿಗೂ ವಿನಾಯಿತಿಯಿಲ್ಲ. ಸಾಮಾನ್ಯವಾಗಿ ಅಷ್ಟರೊಳಗೆ ರಸ್ತೆಯನ್ನೇ ಮುಚ್ಚಿರುತ್ತಾರೆ. ಟೈರಿನ ಪಕ್ಕದಲ್ಲಿ 'ಎಂ ಪ್ಲಸ್ ಎಸ್' ಎಂಬ ಗುರುತಿದೆಯೇ, ಗೆರೆಗಳು ಸವೆದಿಲ್ಲವೇ ನೋಡಿಕೊಳ್ಳಿ. ನಾಲ್ಕೂ ಚಕ್ರ ತಿರುಗಿಸುವ ಕಾರು ಏರಲು ಸಹಾಯ ಮಾಡುತ್ತದೆ, ನಿಲ್ಲಿಸಲು ಅಲ್ಲ. ಮಂಜುಗಡ್ಡೆಯ ಮೇಲೆ ಬ್ರೇಕ್ ಒತ್ತಿದಾಗ ಎಲ್ಲ ಕಾರುಗಳೂ ಒಂದೇ. ಹಿಮವಿಲ್ಲದ ವರ್ಷ ಹಗಲು ಕರಗಿದ ನೀರು ನೆರಳಿನ ತಿರುವುಗಳಲ್ಲಿ ರಾತ್ರಿ ಹೆಪ್ಪುಗಟ್ಟಿ ಕಣ್ಣಿಗೆ ಕಾಣದ ಪದರವಾಗುತ್ತದೆ. ನಮ್ಮ ಘಾಟಿ ರಸ್ತೆಗಳಲ್ಲಿ ಓಡಿಸಿದ ಅನುಭವ ಎಷ್ಟಿದ್ದರೂ ಇದು ಬೇರೆಯೇ ವಿದ್ಯೆ.

ಚೈನ್ ತಂದ ದಿನವೇ ಮನೆಯ ಮುಂದೆ ಒಮ್ಮೆ ಹಾಕಿ ತೆಗೆಯಿರಿ. ನಿಮ್ಮ ಕಾರಿಗೆ ಯಾವ ಚಕ್ರಕ್ಕೆ ಎಂಬುದನ್ನು ಕಾರಿನ ಕೈಪಿಡಿಯಲ್ಲಿ ನೋಡಿ. ಬಾಡಿಗೆ ಕಾರಾದರೆ ಇನ್ನೊಂದು ತೊಡಕಿದೆ: ಹಲವು ಬಾಡಿಗೆ ಕರಾರುಗಳು ಚೈನ್ ಹಾಕುವುದನ್ನೇ ನಿಷೇಧಿಸುತ್ತವೆ, ಸಹಿ ಹಾಕುವ ಮುಂಚೆ ಕೇಳಿ. ಎಲೆಕ್ಟ್ರಿಕ್ ಕಾರು ಚಳಿಯಲ್ಲಿ, ಏರಿನಲ್ಲಿ, ಹೀಟರ್ ಹಾಕಿಕೊಂಡು ಹೋದಾಗ ತೋರಿಸಿದ ಮೈಲಿಗಿಂತ ಬಹಳ ಕಡಿಮೆ ಓಡುತ್ತದೆ. ಸ್ಯಾಕ್ರಮೆಂಟೊ ದಾಟುವ ಮೊದಲೇ ಚಾರ್ಜ್ ತುಂಬಿಸಿಕೊಳ್ಳಿ. ಮೇಲಿನ ಚಾರ್ಜರುಗಳಲ್ಲಿ ರಜೆಯ ವಾರ ಸಾಲು ನಿಂತಿರುತ್ತದೆ.

ಟ್ರಾಫಿಕ್ ತಪ್ಪುವುದಿಲ್ಲ, ಕಡಿಮೆ ಮಾಡಿಕೊಳ್ಳಬಹುದು. ಎರಡು ದಾರಿಗಳು: 7,239 ಅಡಿಯ ಡಾನರ್ ಶಿಖರ ದಾಟುವ 80ನೇ ಹೆದ್ದಾರಿ, 7,382 ಅಡಿಯ ಎಕೋ ಶಿಖರ ದಾಟುವ 50ನೇ ಹೆದ್ದಾರಿ. ಮೇಲಕ್ಕೆ ಹೋಗುವವರು ನಸುಕಿನ ನಾಲ್ಕಕ್ಕೆ ಹೊರಡಿ. ಕ್ರಿಸ್‌ಮಸ್ ದಿನದ ಬೆಳಗ್ಗೆ ರಸ್ತೆ ಸಾಮಾನ್ಯವಾಗಿ ಸಲೀಸು, 26ರಿಂದ ತುಂಬುತ್ತದೆ. ಹೊರಡುವ ಮುಂಚೆ ಕ್ಯಾಲ್‌ಟ್ರಾನ್ಸ್ ಸಾರಿಗೆ ಇಲಾಖೆಯ ಕ್ವಿಕ್‌ಮ್ಯಾಪ್‌ನಲ್ಲಿ ರಸ್ತೆಯ ಕ್ಯಾಮೆರಾ ಚಿತ್ರಗಳನ್ನೇ ನೋಡಿ. ಹೆದ್ದಾರಿ ಮುಚ್ಚಿದಾಗ ಫೋನಿನ ನಕ್ಷೆ ತೋರಿಸುವ ಒಳದಾರಿಗೆ ಇಳಿಯಬೇಡಿ. ಅಲ್ಲಿ ಹಿಮ ತೆಗೆಯುವ ವಾಹನವೂ ಬರುವುದಿಲ್ಲ, ಸಿಗ್ನಲ್ಲೂ ಇರುವುದಿಲ್ಲ. ಕಾರಿನಲ್ಲಿ ಕಂಬಳಿ, ನೀರು, ಟಾರ್ಚ್, ಸಣ್ಣ ಸಲಿಕೆ ಇರಲಿ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಮನೆಯಿಂದಲೇ ಕಟ್ಟಿಕೊಂಡು ಹೋಗಿ, ಬೆಟ್ಟದ ಮೇಲೆ ಸಸ್ಯಾಹಾರಿಗಳಿಗೆ ಮಧ್ಯಾಹ್ನ ಸಿಗುವುದು ಬಹುಪಾಲು ಆಲೂ ಫ್ರೈಸ್ ಮಾತ್ರ. ಹಿಮದಲ್ಲಿ ಸಿಕ್ಕಿಕೊಂಡು ಎಂಜಿನ್ ಚಾಲೂ ಇಡಬೇಕಾದರೆ ಮೊದಲು ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ, ಇಲ್ಲವಾದರೆ ವಿಷದ ಹೊಗೆ ಒಳಗೆ ತುಂಬುತ್ತದೆ.

ಟಾಹೋ ಬೇಡ, ಮ್ಯಾಮತ್‌ಗೆ ಹೋಗೋಣ ಅಂತ ಸ್ನೇಹಿತರು ಅನ್ನುತ್ತಿದ್ದಾರೆ. ಯೊಸೆಮಿಟಿ ಮೂಲಕ ಹತ್ತಿರದ ದಾರಿ ಇದೆಯಂತೆ? (ಸ್ಯಾನ್ ಹೋಸೆ)

ಸ್ನೇಹಿತರ ಯೋಚನೆ ಸರಿ, ದಾರಿ ತಪ್ಪು. ಮ್ಯಾಮತ್‌ನ ಮುಖ್ಯ ಲಾಡ್ಜ್ ಸುಮಾರು 9,000 ಅಡಿಯಲ್ಲಿದೆ, ತುದಿ 11,053 ಅಡಿ. ಟಾಹೋದಲ್ಲಿ ನೆಲ ಕಾಣುವಾಗಲೂ ಅಲ್ಲಿ ಹಿಮ ಉಳಿದಿರುತ್ತದೆ. ಆದರೆ ಯೊಸೆಮಿಟಿಯ ಟಯೋಗ ಘಾಟಿ ಚಳಿಗಾಲವಿಡೀ ಮುಚ್ಚಿರುತ್ತದೆ. 2012ರಲ್ಲಿ ಜನವರಿಯ ನಡುವಿನವರೆಗೂ ಹಿಮ ಬೀಳದೆ ಆ ರಸ್ತೆ ತೆರೆದಿತ್ತು, ಜನ ಟೆನಾಯ ಸರೋವರದ ಮಂಜುಗಡ್ಡೆಯ ಮೇಲೆ ಸ್ಕೇಟ್ ಆಡಿದರು. ಅದು ಅಪರೂಪ. ಸೊನೋರಾ, ಎಬೆಟ್ಸ್ ಘಾಟಿಗಳೂ ಚಳಿಗಾಲದಲ್ಲಿ ಬಂದ್. ನೀವು 50 ಅಥವಾ 80ರಲ್ಲಿ ಬೆಟ್ಟ ದಾಟಿ 395ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿಯಬೇಕು. ಟ್ರಾಫಿಕ್ ಇಲ್ಲದಿದ್ದರೂ ಆರೇಳು ಗಂಟೆ. ಕನಿಷ್ಠ ಮೂರು ರಾತ್ರಿ ಉಳಿಯುವುದಾದರೆ ಹೋಗಿ, ಎರಡೇ ರಾತ್ರಿಗೆ ಮಕ್ಕಳನ್ನು ಅಷ್ಟು ದೂರ ಎಳೆಯಬೇಡಿ.

ನಾನು ನಿವೃತ್ತ ಅಧ್ಯಾಪಕ, ವಯಸ್ಸು 68. ಮಗನ ಮನೆಗೆ ಬಂದಿದ್ದೇವೆ. ನನಗೆ ಬಿಪಿ, ನನ್ನ ಮನೆಯವರಿಗೆ ಮಂಡಿ ನೋವು. ಅವರೆಲ್ಲ ಸ್ಕೀ ಆಡುವಾಗ ನಾವು ರೂಮಿನಲ್ಲಿ ಕೂತಿರಬೇಕೇ? (ಮೈಸೂರು)

ಖಂಡಿತ ಬೇಡ ಸರ್. ಹೊರಡುವ ಮುಂಚೆ ನಿಮ್ಮ ವೈದ್ಯರಿಗೆ ಒಂದು ಫೋನ್ ಮಾಡಿ, ಅಷ್ಟೆತ್ತರಕ್ಕೆ ಹೋಗುತ್ತಿದ್ದೇವೆ ಎಂದು ಹೇಳಿ. ಮೈಸೂರು ಸುಮಾರು 2,500 ಅಡಿ, ಟಾಹೋ ಅದರ ಎರಡೂವರೆಪಟ್ಟು. ಮೊದಲ ದಿನ ತಲೆ ಭಾರವಾಗಬಹುದು, ಏದುಸಿರು ಬರಬಹುದು. ನಿಧಾನವಾಗಿ ಓಡಾಡಿ, ನೀರು ಕುಡಿಯುತ್ತಿರಿ. ತಲೆನೋವು ಏರುತ್ತಲೇ ಹೋದರೆ ಅಥವಾ ಕೂತಾಗಲೂ ಉಸಿರು ಕಟ್ಟಿದರೆ ಮಗನಿಗೆ ಸಂಕೋಚವಿಲ್ಲದೆ ಹೇಳಿ, ತಡಮಾಡದೆ ಕೆಳಗಿಳಿದು ವೈದ್ಯರನ್ನು ಕಾಣಬೇಕು. ಮಾತ್ರೆಗಳನ್ನು ಸೂಟ್‌ಕೇಸಿನಲ್ಲಿ ಇಡದೆ ಕೈಚೀಲದಲ್ಲಿಡಿ, ದಾರಿಯಲ್ಲಿ ಆರೇಳು ಗಂಟೆ ನಿಂತುಬಿಡುವ ಸಂಭವ ಇದೆ.

ನಿಮಗೆ ನಾನು ಹೆವನ್ಲಿಯ ಗೊಂಡೋಲಾ ಹೇಳುತ್ತೇನೆ. ಸ್ಕೀ ಆಡದವರೂ ಟಿಕೆಟ್ ಕೊಂಡು ಮುಚ್ಚಿದ ತೊಟ್ಟಿಲಿನಲ್ಲಿ ಕೂತು 2.4 ಮೈಲಿ ಮೇಲೇರಬಹುದು. ನಡುವೆ 9,123 ಅಡಿಯಲ್ಲಿ ನೋಟಕಟ್ಟೆ ಇದೆ, ಇಡೀ ಸರೋವರ ಕಾಣುತ್ತದೆ. ಆದರೆ ಬಂದ ದಿನವೇ ಏರಬೇಡಿ, ಮೈ ಎತ್ತರಕ್ಕೆ ಹೊಂದಿಕೊಂಡ ಎರಡನೆಯ ಅಥವಾ ಮೂರನೆಯ ದಿನ ಹೋಗಿ. ಮೇಡಂ ಅವರಿಗೆ ಅಡಿಯಲ್ಲಿ ಹಿಡಿತವಿರುವ ಬೂಟು ಬೇಕೇ ಬೇಕು. ಶೂ ಮೇಲೆ ಎಳೆದು ಹಾಕುವ ಮುಳ್ಳುಪಟ್ಟಿ ಸಿಗುತ್ತದೆ, ಮಗನಿಗೆ ತರಲು ಹೇಳಿ. ಪಾರ್ಕಿಂಗ್ ಜಾಗದ ಮಂಜುಗಡ್ಡೆಯ ಮೇಲೆ ಜಾರಿ ಬೀಳುವವರೇ ಹೆಚ್ಚು. ಕಪ್ಪು ಕನ್ನಡಕವೂ ಬೇಕು, ಹಿಮದಿಂದ ಮರಳುವ ಬಿಸಿಲು ಕಣ್ಣಿಗೆ ಕಷ್ಟ.

ಟಿಕೆಟ್ ಅಲ್ಲಿ ಹೋಗಿ ಕೊಂಡರಾಗದೇ? (ಕ್ಯುಪರ್ಟಿನೊ)

ಆಗುತ್ತದೆ, ಆದರೆ ರಜೆಯ ವಾರ ದೊಡ್ಡ ರೆಸಾರ್ಟುಗಳ ಕೌಂಟರಿನಲ್ಲಿ ಒಬ್ಬರಿಗೆ ಒಂದು ದಿನಕ್ಕೆ 200 ಡಾಲರಿಗೂ ಮೀರುತ್ತದೆ. ಹೆವನ್ಲಿ, ನಾರ್ತ್‌ಸ್ಟಾರ್, ಕರ್ಕ್‌ವುಡ್ ಎಪಿಕ್ ಎಂಬ ಋತು ಪಾಸಿಗೆ ಸೇರಿವೆ. ಪ್ಯಾಲಿಸೇಡ್ಸ್, ಮ್ಯಾಮತ್ ಐಕಾನ್ ಪಾಸಿಗೆ. ಅಗ್ಗದ ಪಾಸುಗಳಲ್ಲಿ ಕ್ರಿಸ್‌ಮಸ್ ನಂತರದ ದಿನಗಳಿಗೆ ಪ್ರವೇಶವಿರದೇ ಹೋಗಬಹುದು, ಕೊಳ್ಳುವ ಮುಂಚೆ ದಿನಾಂಕಗಳನ್ನು ಓದಿ. ಪಾಸ್ ಮಾರಾಟ ಸಾಮಾನ್ಯವಾಗಿ ಡಿಸೆಂಬರ್ ಆರಂಭದಲ್ಲೇ ನಿಲ್ಲುತ್ತದೆ. ಕಾರು ನಿಲ್ಲಿಸಲೂ ಕೆಲವೆಡೆ ಮುಂಗಡ ಕಾದಿರಿಸಬೇಕು. ಅದಿಲ್ಲದೆ ಹತ್ತು ಗಂಟೆಗೆ ಹೋಗುವುದೆಂದರೆ ಜಂಬೂಸವಾರಿಯ ದಿನ ಮೈಸೂರು ಅರಮನೆಯ ಮುಂದೆ ಕಾರು ನಿಲ್ಲಿಸಲು ಹೊರಟ ಹಾಗೆ. ದಿನಾಂಕ ನಿಮ್ಮ ಕೈಯಲ್ಲಿದ್ದರೆ ಹೊಸ ವರ್ಷದ ರಜೆ ಮುಗಿದ ಮೊದಲ ವಾರದ ನಡುವೆ ಹೋಗಿ. ಜನವೂ ಕಡಿಮೆ, ಬೆಲೆಯೂ ಕಡಿಮೆ.

ಐದು ವರ್ಷದ ಮಗಳಿಗೆ ಹಿಮ ಮುಟ್ಟಿಸಿದರೆ ಸಾಕು. ರಸ್ತೆ ಬದಿಯಲ್ಲಿ ನಿಲ್ಲಿಸಿ ಜಾರುಬಂಡಿ ಆಡಿಸಬಹುದೇ? (ಡಬ್ಲಿನ್)

ರಸ್ತೆ ಬದಿ ಬೇಡ. ಕಾರು ನಿಲ್ಲಿಸಿದರೆ ದಂಡ ಬೀಳುತ್ತದೆ, ಜಾರಿದ ಮಗು ರಸ್ತೆಗೇ ಬಂದೀತು. ರಾಜ್ಯದ ಸ್ನೋ-ಪಾರ್ಕ್‌ಗಳಲ್ಲಿ ಪರವಾನಗಿ ಕೊಂಡು ಕಾರು ನಿಲ್ಲಿಸಬಹುದು, ಅದು ನವೆಂಬರ್ 1ರಿಂದ ಮೇ 30ರವರೆಗೆ ಬೇಕಾಗುತ್ತದೆ. ಆದರೆ ಅಲ್ಲಿರುವುದು ಆಕಾಶದಿಂದ ಬಿದ್ದ ಹಿಮ ಮಾತ್ರ, ತೆಳುವಾಗಿದ್ದರೆ ಜಾರಿಸಬೇಡಿ, ಕಲ್ಲಿಗೆ ಬಡಿಯುತ್ತದೆ. ಇಂಥ ವರ್ಷ ಸೋಡಾ ಸ್ಪ್ರಿಂಗ್ಸ್‌ನಂಥ ಕಡೆ ಟ್ಯೂಬ್ ಜಾರಿಕೆಗೆಂದೇ ಸಿದ್ಧಮಾಡಿದ ಸಾಲುಗಳು ಒಳ್ಳೆಯದು. ಸಮಯ ಮುಂಗಡ ಕಾದಿರಿಸಿ, ಮಗಳಿಗೆ ಎರಡು ಜೊತೆ ಕೈಗವಸು, ಬದಲಿಸಲು ಒಣ ಕಾಲುಚೀಲ ಕಾರಿನಲ್ಲಿಡಿ.