ಚಟವೂ ಹೆಸರೂ

ಉಗುರು ಕಚ್ಚುವುದು, ಕೂದಲನ್ನು ಎಳೆದೆಳೆದು ಕೀಳುವುದು, ಗಾಯದ ಹಕ್ಕಳೆಯನ್ನು ಕೆರೆಯುವುದು—ಬೇಡವೆಂದುಕೊಂಡರೂ ಕೈ ತಾನಾಗಿಯೇ ತೊಡಗುವ ಇಂತಹ ಅಭ್ಯಾಸಗಳು ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಇವನ್ನು ಬಿಡಲೆತ್ನಿಸುವವನು ತನ್ನನ್ನು ತಾನು ಏನೆಂದು ಕರೆದುಕೊಳ್ಳುತ್ತಾನೆಂಬುದು ಕ್ಷುಲ್ಲಕ ಸಂಗತಿಯೆಂದು ತೋರಬಹುದು. ಮನಶ್ಶಾಸ್ತ್ರದ ಪ್ರಯೋಗಗಳು ಬೇರೆಯೇ ಹೇಳುತ್ತವೆ.

“ಅವನು ಆಗಾಗ ಸುಳ್ಳು ಹೇಳುತ್ತಾನೆ” ಎಂಬುದಕ್ಕೂ “ಅವನು ಸುಳ್ಳುಗಾರ” ಎಂಬುದಕ್ಕೂ ಇರುವ ಅಂತರವನ್ನು ಗಮನಿಸಿರಿ. ಮೊದಲನೆಯದು ಒಂದು ಕ್ರಿಯೆಯನ್ನು ತಿಳಿಸುತ್ತದೆ. ಎರಡನೆಯದು ಮನುಷ್ಯನನ್ನೇ ಒಂದು ವರ್ಗಕ್ಕೆ ಸೇರಿಸಿಬಿಡುತ್ತದೆ. ಇಂತಹ ಹೆಸರುಗಳಿಗೆ ನಮ್ಮ ನುಡಿಯಲ್ಲಿ ಬರವಿಲ್ಲ. ಚಾಡಿಕೋರ, ಅಳುಬುರುಕ, ಮರೆಗುಳಿ, ತಿಂಡಿಪೋತ—ಶಾಲೆಯ ಅಂಗಳದಲ್ಲಿ ಅರ್ಧ ಗಂಟೆ ನಿಂತರೆ ಒಂದು ನಿಘಂಟೇ ಸಿದ್ಧವಾದೀತು!

ಅಮೆರಿಕದ ಸೂಸನ್ ಗೆಲ್ಮನ್ ಮತ್ತು ಗೇಲ್ ಹೇಮನ್ ಎಂಬ ಸಂಶೋಧಕಿಯರು ಐದು ಮತ್ತು ಏಳು ವರ್ಷದ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಬ್ಬ ಹುಡುಗಿ ಸಾಧ್ಯವಾದಾಗಲೆಲ್ಲ ಕ್ಯಾರೆಟ್ ತಿನ್ನುತ್ತಾಳೆಂದು ಕೆಲವು ಮಕ್ಕಳಿಗೆ ಹೇಳಲಾಯಿತು. ಅವಳೊಬ್ಬ ‘ಕ್ಯಾರೆಟ್‌ಭಕ್ಷಕಿ’ ಎಂದು ಉಳಿದವರಿಗೆ ಹೇಳಲಾಯಿತು. ಹೆಸರನ್ನು ಕೇಳಿದ ಮಕ್ಕಳು, ಅವಳ ಅಭ್ಯಾಸವು ಮುಂದೆಯೂ ಉಳಿಯುವುದೆಂದೂ ಮನೆಯವರು ಅಡ್ಡಿಪಡಿಸಿದರೂ ಬಿಡದೆಂದೂ ಹೆಚ್ಚಾಗಿ ನಂಬಿದರು. ಅಭ್ಯಾಸವೊಂದೇ, ನಾಮಪದವು ಅದಕ್ಕೆ ಬೇರು ಕೊಟ್ಟಿತು.

ಭೌತಶಾಸ್ತ್ರದಲ್ಲಿ ನಾವು ಗುಣವನ್ನೂ ಸ್ಥಿತಿಯನ್ನೂ ಬೇರ್ಪಡಿಸುತ್ತೇವೆ. ಕಬ್ಬಿಣವು 1538 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕರಗುತ್ತದೆಂಬುದು ಅದರ ಗುಣ. ಕುಲುಮೆಯಲ್ಲಿ ಕೆಂಪಗೆ ಕಾದಿದೆಯೆಂಬುದು ಅದರ ಸ್ಥಿತಿ. ಕಾದ ಕಬ್ಬಿಣವನ್ನು ಕಂಡು, ಬಿಸಿಯಾಗಿರುವುದೇ ಅದರ ಸ್ವಭಾವವೆಂದು ಯಾವ ವಿದ್ಯಾರ್ಥಿಯೂ ಉತ್ತರಪತ್ರಿಕೆಯಲ್ಲಿ ಬರೆಯಲಾರನು. ತನ್ನ ವಿಷಯ ಬಂದಾಗ ಮಾತ್ರ ಅದನ್ನೇ ಬರೆದುಕೊಳ್ಳುತ್ತಾನೆ.

ಇದರ ಕೆಡುಕು ಪ್ರಕಟವಾಗುವುದು ಎಡವಿದ ದಿನದಂದು. ಹತ್ತು ದಿನ ಉಗುರಿಗೆ ಬಾಯಿ ಹಚ್ಚದಿದ್ದವನು ಹನ್ನೊಂದನೆಯ ದಿನ ಕಚ್ಚಿದನೆನ್ನೋಣ. “ಗಣಿತದ ಲೆಕ್ಕ ಬಿಡಿಸಲಾಗದೆ ಕಚ್ಚಿದೆ” ಎಂದುಕೊಂಡವನಿಗೆ ಮುಂದಿನ ಲೆಕ್ಕದ ವೇಳೆಗೆ ಎಚ್ಚರವಿರುತ್ತದೆ. “ನಾನು ಇರುವುದೇ ಹೀಗೆ” ಎಂದುಕೊಂಡವನು ಉಳಿದ ಒಂಬತ್ತು ಬೆರಳುಗಳನ್ನೂ ಮುಗಿಸುತ್ತಾನೆ. ಮದ್ಯಪಾನವನ್ನು ಬಿಟ್ಟವರ ವಿಷಯದಲ್ಲಿ ಅಲನ್ ಮಾರ್ಲಟ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನೇ ವಿವರಿಸಿದರು: ಒಂದು ಸಲದ ಜಾರುವಿಕೆಗೆ ತನ್ನೊಳಗಿನ ಬದಲಾಗದ ದೋಷವೇ ಕಾರಣವೆಂದು ಬಗೆದವನು ಪೂರ್ಣವಾಗಿ ಹಳೆಯ ದಾರಿಗೆ ಮರಳುವ ಸಂಭವ ಹೆಚ್ಚು.

ಹಾಗಾದರೆ ಎಲ್ಲ ಹೆಸರುಗಳೂ ಕೆಟ್ಟವೇ? ಅಮೆರಿಕದ ಆಕ್ರನ್ ನಗರದಲ್ಲಿ 1935ರಲ್ಲಿ ಆರಂಭವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಸಂಘದ ಸಭೆಗಳಲ್ಲಿ “ನಾನು ಮದ್ಯವ್ಯಸನಿ” ಎಂದು ಹೇಳಿಕೊಳ್ಳುವುದು ರೂಢಿ. ಅನೇಕರು ಅಲ್ಲಿ ಚೇತರಿಸಿಕೊಂಡಿದ್ದಾರೆ. ನಮಗೆ ತೋರುವಂತೆ, ಅಲ್ಲಿ ಆ ಹೆಸರು ತೀರ್ಪಲ್ಲ, ಮುನ್ನೆಚ್ಚರಿಕೆ. ಮೊದಲ ಗುಟುಕನ್ನೇ ಮುಟ್ಟಬಾರದೆಂಬ ಸೂಚನೆ ಅದರಲ್ಲಿ ಅಡಗಿದೆ. ಜೊತೆಗೆ, ಅದೇ ಹೆಸರನ್ನು ಹೊತ್ತ ಸಂಗಾತಿಗಳಿದ್ದಾರೆ. ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಕುಳಿತು ತನ್ನನ್ನು ಹಳಿದುಕೊಳ್ಳುವವನಿಗೆ ಇವೆರಡೂ ಇಲ್ಲ.

ಉಗುರು ಕಚ್ಚುವವರಿಗೆ ನೇಥನ್ ಅಜ್ರಿನ್ ಮತ್ತು ರಾಬರ್ಟ್ ನನ್ ಎಂಬವರು 1973ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಹೆಸರಿಗೆ ಎಡೆಯೇ ಇಲ್ಲ. ಕೈ ಬಾಯಿಯ ಕಡೆ ಚಲಿಸುವ ಕ್ಷಣವನ್ನು ಮೊದಲು ಗುರುತಿಸಬೇಕು. ಯಾವ ಹೊತ್ತಿನಲ್ಲಿ, ಯಾವ ಸನ್ನಿವೇಶದಲ್ಲಿ ಹೀಗಾಗುತ್ತದೆಂದು ಬರೆದಿಡಬೇಕು. ಬಯಕೆ ಬಂದೊಡನೆ ಮುಷ್ಟಿಯನ್ನು ಬಿಗಿಹಿಡಿದು ಅಥವಾ ಒಂದು ವಸ್ತುವನ್ನು ಹಿಡಿದುಕೊಂಡು ಸುಮಾರು ಮೂರು ನಿಮಿಷ ಇರಬೇಕು. ಮುಚ್ಚಿದ ಮುಷ್ಟಿಯಿಂದ ಉಗುರು ಹಲ್ಲಿಗೆ ಎಟುಕುವುದಿಲ್ಲವಷ್ಟೆ! ಮನೆಯವರೋ ಸ್ನೇಹಿತರೋ ಪ್ರೋತ್ಸಾಹಿಸಿದರೆ ಇನ್ನೂ ಒಳ್ಳೆಯದು. ಟಿಪ್ಪಣಿಯ ಪುಸ್ತಕದಲ್ಲಿ “ಇಂದು ಓದುವಾಗ ಮೂರು ಸಲ” ಎಂದು ಬರೆಯಬಹುದು. “ನಾನು ದುರ್ಬಲ” ಎಂಬುದನ್ನು ಎಣಿಸಲು ಬಾರದು.

ಕೂದಲು ಕಿತ್ತು ತಲೆ ಬೋಳಾಗುತ್ತಿದ್ದರೆ, ಕೈ ತೊಳೆತೊಳೆದು ಚರ್ಮ ಬಿರಿಯುತ್ತಿದ್ದರೆ, ಅದನ್ನು ಕೇವಲ ಚಟವೆನ್ನಲಾಗದು. ಅದಕ್ಕೆ ವೈದ್ಯರು ಕೊಡುವ ಹೆಸರಿಗೆ ಅಂಜಬೇಕಾಗಿಲ್ಲ. ಅದು ರೋಗಕ್ಕೆ ಇಟ್ಟ ಹೆಸರು, ರೋಗಿಗಲ್ಲ. ಗೀಳು ರೋಗಕ್ಕೆ ಔಷಧವೂ ಉಂಟು, ವರ್ತನ ಚಿಕಿತ್ಸೆಯೂ ಉಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅದಕ್ಕೆಂದೇ ವಿಶೇಷ ಕ್ಲಿನಿಕ್ ಇದೆ.